ಹಳೆ ಡಾಂಬರಿನ ಮೇಲೆ ಪಿಎಚ್‌.ಡಿ., ಫೆಲೋಶಿಪ್ ಜೊತೆ

ಎಂ.ಟೆಕ್ ಮುಗಿದಿದೆ, ರಸ್ತೆಯಿಂದ ಕಿತ್ತ ಹಳೆ ಡಾಂಬರಿನ ಮರುಬಳಕೆ ಮೇಲೆ ಸಂಶೋಧನೆ ಮಾಡಬೇಕು, ಆದರೆ ಮನೆಯಲ್ಲಿ ದುಡ್ಡು ಕೇಳುವ ಹಾಗಿಲ್ಲ ಅಂದಿದ್ದೀರಿ. ಖಂಡಿತ ದಾರಿ ಇದೆ. ಸುರತ್ಕಲ್ ಎನ್‌ಐಟಿಕೆ, ಮದ್ರಾಸ್ ಮತ್ತು ಖರಗ್‌ಪುರ ಐಐಟಿಗಳ ಸಿವಿಲ್ ವಿಭಾಗ ಮೊದಲು ನೋಡಿ. ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಸಿಗುವ ಹಣ, ಅಂದರೆ ಜೂನಿಯರ್ ಫೆಲೋಶಿಪ್, 2023ರಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ, ಎರಡು ವರ್ಷದ ನಂತರ 42,000. ಅರ್ಜಿ ಹಾಕುವ ಮೊದಲೇ ಪ್ರೊಫೆಸರ್‌ಗೆ ಮೇಲ್ ಮಾಡಿ. ಸುಮ್ನೆ ‘ಆಸಕ್ತಿ ಇದೆ’ ಅಂತ ಬರೆದರೆ ಸಾಲದು. ಹಳೆ ಡಾಂಬರು ಬಿಸಿಲು, ಗಾಳಿಗೆ ಪೆಡಸಾಗಿರುತ್ತದೆ, ಜಾಸ್ತಿ ಬೆರೆಸಿದರೆ ರಸ್ತೆ ಬೇಗ ಬಿರುಕು ಬಿಡುತ್ತದೆ, ಹಾಗಾದರೆ ಅದನ್ನು ಮೆದು ಮಾಡಲು ಯಾವ ಎಣ್ಣೆ, ಎಷ್ಟು ಪ್ರಮಾಣ ಅನ್ನುವಂಥ ಒಂದೇ ಪ್ರಶ್ನೆ ಹಿಡಿದು ಬರೆಯಿರಿ. ಅದಕ್ಕೂ ಮುಂಚೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 120 ಓದಿ, ಡಾಂಬರು ರಸ್ತೆ ಮರುಬಳಕೆ ಹೇಗೆ ಮಾಡಬೇಕು ಅನ್ನುವುದು ಅದರಲ್ಲಿದೆ. ಎಂಜಿನಿಯರಿಂಗ್ ಉನ್ನತ ಓದಿಗೆ ಬರೆಯುವ ಗೇಟ್ ಪರೀಕ್ಷೆಯ ಸ್ಕೋರ್ ಇದೆ ಅಲ್ವಾ?