ಪ್ರತಿಕ್ರಿಯೆ: ಸಾರಿಗೆ ಮುಷ್ಕರದ ದಿನ ಮಡಿಕೇರಿಯಿಂದ ಮೈಸೂರಿಗೆ

ಮುಷ್ಕರದ ದಿನವೇ ಮೈಸೂರಲ್ಲಿ ರೈಲು ಹಿಡಿಯಬೇಕು, ಏನು ಮಾಡಲಿ ಅಂತ ಕೇಳಿದ್ದೀರಿ. ಕೊಡಗಿನಲ್ಲಿ ರೈಲೇ ಇಲ್ಲವಲ್ಲ, ಹಾಗಾಗಿ ಕೆಂಪು ಬಸ್ ನಿಂತರೆ ನಮಗೆ ಪೆಟ್ಟು ಜಾಸ್ತಿ. ಮೊದಲು ಖಾಸಗಿ ಬಸ್ಸಿನಲ್ಲಿ ಕುಶಾಲನಗರಕ್ಕೆ ಇಳಿಯಿರಿ. ಅಲ್ಲಿಂದ ಹುಣಸೂರು ಕಡೆಗೆ ಏನಾದರೂ ಸಿಗಬಹುದು. ಆದರೆ ಕೊನೇ ಗಳಿಗೆಯ ಲೆಕ್ಕ ಬೇಡ, ಹಿಂದಿನ ದಿನವೇ ಹೊರಟರೆ ಒಳ್ಳೆಯದು. 2021ರ ಏಪ್ರಿಲ್ 7ಕ್ಕೆ ಶುರುವಾದ ಮುಷ್ಕರ ಎರಡು ವಾರ ಎಳೆದಿತ್ತು. ಆಗ ಸರ್ಕಾರಿ ನಿಲ್ದಾಣಗಳಿಂದಲೇ ಖಾಸಗಿ ಬಸ್ ಬಿಟ್ಟಿದ್ದರು.

'ಜನರಿಗೆ ತೊಂದರೆ ಕೊಡೋ ಹಕ್ಕು ಇವರಿಗೆಲ್ಲಿದೆ?' ಅಂದಿರಿ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಮುಷ್ಕರ ಮಾತ್ರ ಮೂಲಭೂತ ಹಕ್ಕಲ್ಲ, ಮೊದಲೇ ನೋಟಿಸ್ ಕೊಡಬೇಕು. ಆದರೂ ಸಂಬಳದ ಮಾತು ವರ್ಷಗಟ್ಟಲೆ ಮುಂದೂಡಿದರೆ ಡ್ರೈವರ್ ಇನ್ನೇನು ಮಾಡಬೇಕು ಹೇಳಿ? ಮಳೆಗಾಲದ ಮಂಜಿನಲ್ಲಿ ಸಂಪಾಜೆ ಘಾಟಿ ಇಳಿಸುವವರು ಅವರೇ ಅಲ್ವಾ.