ರಾಗಿ ಹೊಲ ಕಾಯಲು ಮರಕ್ಕೆ ಕಟ್ಟುವ ಟ್ರೀ ಸ್ಟ್ಯಾಂಡ್ ಯಾವುದು ಒಳ್ಳೆಯದು?

ನೀವು ಮಧುಗಿರಿ ಕಡೆ ಹೊಲದಂಚಿನ ಹುಣಸೆ ಮರದಲ್ಲಿ ಕೂತು ಹಂದಿ ಕಾಯಬೇಕು ಅಂದಿದ್ದೀರಿ. ಮರದ ಮೇಲೆ ಕೂರಲು ಆಸನ, ಕಾಲಿಡಲು ಹಲಗೆ ಇರುವ ಈ ಸ್ಟ್ಯಾಂಡ್‌ಗಳು ಅಮೆರಿಕದ ಜಿಂಕೆ ಬೇಟೆಗಾರರಿಗಾಗಿ ಬಂದವು. ನಮ್ಮಲ್ಲಿ ಬೇಟೆಗೆ ತಡೆ ಹಾಕುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಹಾಗಾಗಿ ಕೂಗಿ, ಟಾರ್ಚ್ ಬಿಟ್ಟು ಓಡಿಸುವುದಕ್ಕಷ್ಟೇ ಬಳಸಿ.

ಮರವನ್ನು ತಬ್ಬಿಕೊಂಡು ಮೇಲೇರುವ ಕ್ಲೈಂಬರ್ ಸ್ಟ್ಯಾಂಡ್ ಬೇಡ. ಅದಕ್ಕೆ ಕೊಂಬೆಯಿಲ್ಲದ ನೇರ ಕಾಂಡ ಬೇಕು, ಹುಣಸೆಯಲ್ಲಿ ಅದೆಲ್ಲಿ ಸಿಗುತ್ತೆ? ಬೆಲ್ಟಿನಿಂದ ಕಟ್ಟುವ ಹ್ಯಾಂಗ್-ಆನ್ ತಗೊಳ್ಳಿ, ಹತ್ತಲು ಕ್ಲೈಂಬಿಂಗ್ ಸ್ಟಿಕ್, ಅಂದರೆ ಮರಕ್ಕೆ ಕಟ್ಟುವ ಮೆಟ್ಟಿಲಿನ ಕೋಲು. ಹಳೇ ಹುಣಸೆ ಬುಡ ತುಂಬಾ ದಪ್ಪ. ಮೊದಲು ಹಗ್ಗದಲ್ಲಿ ಸುತ್ತಳತೆ ನೋಡಿ, ಬೆಲ್ಟ್ ಸಾಲದಿದ್ದರೆ ದುಡ್ಡು ದಂಡ. ದಿನಾ ಹೊತ್ತು ತರುವುದಾದರೆ ಅಲ್ಯೂಮಿನಿಯಂ, ಇಲ್ಲದಿದ್ದರೆ ಕಬ್ಬಿಣದ್ದೇ ಸಾಕು. ಹೆಚ್ಚಿನವು 136 ಕೆಜಿ ತಡೆಯುತ್ತವೆ, ಆದರೆ ಅದರಲ್ಲಿ ನಿಮ್ಮ ಜೊತೆ ಕಂಬಳಿ, ಬ್ಯಾಟರಿ ಎಲ್ಲಾ ಸೇರಿತು.

ಮೇಲಿನ ಸ್ಟಿಕ್ ಹಲಗೆಗಿಂತ ಎತ್ತರದಲ್ಲಿರಲಿ. ಆಗ ಹಲಗೆಗೆ ಇಳಿಯುತ್ತೀರಿ, ಹತ್ತುವುದಿಲ್ಲ. ಜಾರುವುದು ಜಾಸ್ತಿ ಅಲ್ಲೇ. ಮೈತುಂಬಾ ಕಟ್ಟುವ ಹಾರ್ನೆಸ್ (ಬಿದ್ದರೆ ತಡೆಯುವ ಬೆಲ್ಟು) ಇಲ್ಲದೆ ದಯವಿಟ್ಟು ಹತ್ತಬೇಡಿ. ನೆಲ ಬಿಟ್ಟಾಗಿನಿಂದಲೇ ಅದು ಮರಕ್ಕೆ ಕಟ್ಟಿರಲಿ. ರಾತ್ರಿ ನಿದ್ದೆ ಎಳೆಯುತ್ತೆ ಅಲ್ವಾ! ಬೆಲ್ಟುಗಳನ್ನು ಬಿಸಿಲಲ್ಲಿ ಬಿಡಬೇಡಿ, ನೂಲು ಬೇಗ ಸಾಯುತ್ತೆ.