ಪಾಠ ಅರ್ಥವಾದರೂ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಲು ಬಾಯಿ ಬಿಡುವುದಿಲ್ಲ. ಶಿಕ್ಷಕರು ಏನು ಮಾಡಬಹುದು?

ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಆಮೇಲೆ ಪಕ್ಕದವರೊಡನೆ ಚರ್ಚಿಸಲು ಬಿಡಿ. ಎಲ್ಲರ ಮುಂದೆ ಹೇಳಿಸುವುದು ಕೊನೆಗೆ.

ಕನ್ನಡ ಮಾಧ್ಯಮದ ಐದನೇ ತರಗತಿಯ ಹುಡುಗಿಯನ್ನು ‘ವೈ ಡಿಡ್ ದ ಕ್ರೋ ಡ್ರಾಪ್ ದ ಸ್ಟೋನ್ಸ್?’ ಎಂದು ಕೇಳಿದ್ದೀರಿ ಎನ್ನಿ. ನೀರು ಮೇಲೆ ಬರಲೆಂದು ಕಾಗೆ ಕಲ್ಲು ಹಾಕಿತೆಂಬುದು ಅವಳಿಗೆ ಗೊತ್ತು. ಆದರೆ ಇಂಗ್ಲಿಷ್ ಪದಗಳನ್ನು ಹುಡುಕಬೇಕು, ಕನ್ನಡದಲ್ಲಿ ಕೊನೆಗೆ ಬರುವ ಕ್ರಿಯಾಪದವನ್ನು ವಾಕ್ಯದ ನಡುವಿಗೆ ತರಬೇಕು, ತಪ್ಪಿದರೆ ನಗುವವರ ಭಯ ಬೇರೆ. ಅಷ್ಟರಲ್ಲಿ ಮೇಷ್ಟ್ರು ಮುಂದಿನ ಬೆಂಚಿನ ಜಾಣನತ್ತ ತಿರುಗಿರುತ್ತಾರೆ!

ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಪರಿಶೀಲಿಸಿದಾಗ, ಶಿಕ್ಷಕರು ಉತ್ತರಕ್ಕಾಗಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಿದ್ದುದು ಕಂಡುಬಂತು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರಿಸದೆ ಕೂರುವವರು ಕಡಿಮೆಯಾದರು. ಎರಡನೇ ಭಾಷೆಯಲ್ಲಿ ತಡಕಾಡುವ ಮಗುವಿಗೆ ಇನ್ನಷ್ಟು ಹೊತ್ತು ಕೊಟ್ಟರೂ ದುಂದಲ್ಲ.

ಜೋಡಿ ಮಾತು ಕನ್ನಡದಲ್ಲೇ ಶುರುವಾಗಲಿ. ಅದನ್ನು ತಡೆಯುವುದು ನನ್ನ ಮಟ್ಟಿಗೆ ದಡ್ಡತನ. ಹಲಗೆಯ ಮೇಲೆ ‘ದ ಕ್ರೋ ಡ್ರಾಪ್ಡ್ ದ ಸ್ಟೋನ್ಸ್ ಬಿಕಾಸ್...’ ಎಂದು ಅರ್ಧ ವಾಕ್ಯ ಬರೆದಿಡಿ. ಉಳಿದರ್ಧ ಅವರ ಪಾಲಿನದು. ಯಾರಾದರೂ ‘ವಾಟರ್ ಕಮ್ ಅಪ್’ ಎಂದರೆ ತಪ್ಪು ಎನ್ನಬೇಡಿ. ‘ಎಸ್, ದ ವಾಟರ್ ಕೇಮ್ ಅಪ್’ ಎಂದು ಸರಿಯಾದ ರೂಪವನ್ನು ಕಿವಿಗೆ ಹಾಕಿ ಮುಂದೆ ಸಾಗಿ.